ಅಪ್‌ಡೇಟ್: ಗ್ರೇಟ್ ಮೈಗ್ರೇಶನ್ ಪ್ರಬಂಧಕ್ಕೆ ಮೂಲ ಆಕರ ಸಿಕ್ಕಿತು

ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಷಿಕಾಗೋ ಕಡೆ ಹೊರಟ (ಈ ವಲಸೆಯೇ ಗ್ರೇಟ್ ಮೈಗ್ರೇಶನ್) ಕಪ್ಪು ಅಮೆರಿಕನ್ನರ ಸ್ವಂತ ಮಾತುಗಳು ಉಚಿತವಾಗಿ ಎಲ್ಲಿ ಸಿಗುತ್ತವೆ ಅಂತ ಕೇಳಿದ್ದೆ. ಕೆಲಸಕ್ಕೆ ಬಂದದ್ದು ಕಪ್ಪು ಜನರ ಇತಿಹಾಸದ ವಿದ್ವತ್ ಪತ್ರಿಕೆ 'ಜರ್ನಲ್ ಆಫ್ ನೀಗ್ರೋ ಹಿಸ್ಟರಿ' ನೋಡಿ ಎಂಬ ಸಲಹೆ. ಎಮ್ಮೆಟ್ ಜೆ. ಸ್ಕಾಟ್ ಸಂಗ್ರಹಿಸಿದ ವಲಸಿಗರ ಪತ್ರಗಳು ಅದರ 1919ರ ಜುಲೈ, ಅಕ್ಟೋಬರ್ ಸಂಚಿಕೆಗಳಲ್ಲಿವೆ. ಹಳೆಯ ಸಂಚಿಕೆಗಳಾದ್ದರಿಂದ ಜೆಸ್ಟೋರ್ ಎಂಬ ವಿದ್ವತ್ ಪತ್ರಿಕೆಗಳ ಆನ್‌ಲೈನ್ ಸಂಗ್ರಹದಲ್ಲಿ ದುಡ್ಡು ಕೊಡದೆ ಓದಬಹುದು.

ಕಪ್ಪು ಜನರ ಸುದ್ದಿಪತ್ರಿಕೆ 'ಷಿಕಾಗೋ ಡಿಫೆಂಡರ್' ಅನ್ನೇ ಹುಡುಕಿ ಅಂದವರ ಸಲಹೆ ಒಳ್ಳೆಯದೇ, ಆದರೆ ಅದರ ಹಳೆಯ ಸಂಚಿಕೆಗಳಿರುವ ಡೇಟಾಬೇಸ್‌ಗೆ ಚಂದಾ ಬೇಕು. ಪತ್ರ ಬರೆದವರನ್ನು ಜನಗಣತಿ ದಾಖಲೆಗಳಲ್ಲಿ ಹುಡುಕುವ ದಾರಿಯಂತೂ ಇಲ್ಲಿ ಮುಚ್ಚಿದೆ: ಪತ್ರಗಳಲ್ಲಿ ಊರು, ತಾರೀಖು ಇವೆ, ಬರೆದವರ ಹೆಸರು ತೆಗೆದಿದ್ದಾರೆ. ಹಾಗಾಗಿ ಊರುವಾರು, ತಿಂಗಳುವಾರು ವಿಂಗಡಿಸಿ, ಪ್ರತಿ ಪತ್ರದಲ್ಲೂ ಕೇಳಿದ ಕೆಲಸ, ಕೂಲಿ, ರೈಲು ಟಿಕೆಟ್ ಗುರುತು ಮಾಡಿಕೊಳ್ಳುವುದೇ ಸರಿ.

ನಿರೀಕ್ಷಿಸದೇ ಇದ್ದದ್ದು: 1917ರ ವಸಂತದ ಹಲವು ಪತ್ರಗಳು ಮೇ 15ರ ಬಗ್ಗೆ ವಿಚಾರಿಸುತ್ತವೆ. ಅದು ಡಿಫೆಂಡರ್ ಸಾರಿದ್ದ 'ಗ್ರೇಟ್ ನಾರ್ದರ್ನ್ ಡ್ರೈವ್', ಅಂದರೆ ಒಟ್ಟಾಗಿ ಉತ್ತರಕ್ಕೆ ಹೊರಡುವ ದಿನ! ಪತ್ರಿಕೆಯ ಪ್ರಭಾವಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕೇ? ಕಾಗುಣಿತ ಮಾತ್ರ ಬರೆದವರದ್ದೇ, ತಿದ್ದಿಲ್ಲ. ಹಾಗಾಗಿ ಹುಡುಕುವಾಗ ಒಂದೇ ಕೀವರ್ಡ್ ನಂಬಿದರೆ ಅರ್ಧ ಪತ್ರಗಳು ಜಾರಿಹೋಗುತ್ತವೆ.