ಯಾಕುಬ್ ದೆಮ್ಲ್‌ನನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಪ್ರಶ್ನೆ:
ಚೆಕ್ ಪಾದ್ರಿ-ಕವಿ ಯಾಕುಬ್ ದೆಮ್ಲ್‌ನ (1878–1961) ‘ಮರೆತ ಬೆಳಕು’ ಹಿಡಿದರೆ ತಲೆಬುಡ ತಿಳಿಯುತ್ತಿಲ್ಲ. ಪ್ರಾರ್ಥನೆಯ ಬೆನ್ನಿಗೇ ಬೈಗುಳ, ಸಾವಿನ ಮಾತಿನ ಮಧ್ಯೆ ಊರಜಗಳ. ಇದು ಕಾದಂಬರಿಯೋ ದಿನಚರಿಯೋ? ‘ಎಕ್ಸ್‌ಪ್ರೆಷನಿಸ್ಟ್’ (ಹೊರಗಿನ ವಾಸ್ತವಕ್ಕಿಂತ ಒಳಗಿನ ತಳಮಳವನ್ನೇ ಬರೆಯುವ ಪಂಥ) ಎಂಬ ಹಣೆಪಟ್ಟಿ ನಂಬಬಹುದೇ? ಒಂದೆರಡು ತುಣುಕು ಕನ್ನಡಕ್ಕೆ ತರುವ ಆಸೆಯೂ ಇದೆ.

ಉತ್ತರ 1:
ಸದ್ಯಕ್ಕೆ ಅದನ್ನು ಕೆಳಗಿಡಿ. 1934ರ ಆ ಪುಸ್ತಕ ಕೊನೆಗೆ ಓದುವಂಥದ್ದು. ಮೊದಲು ‘ನನ್ನ ಗೆಳೆಯರು’ (1913): ಒಂದೊಂದು ಗಿಡ, ಹೂವನ್ನು ಕರೆದು ಮಾತಾಡಿಸುವ ಪುಟ್ಟ ಗದ್ಯಕವಿತೆಗಳು. ದಿನಕ್ಕೆ ನಾಲ್ಕೈದು ಸಾಕು, ಒಂದೇ ಪಟ್ಟಿಗೆ ಓದಿದರೆ ಸಿಹಿ ಜಾಸ್ತಿಯಾಗಿ ಮುಖ ತಿರುಗಿಸುವಂತಾಗುತ್ತದೆ. ಆಮೇಲೆ ‘ಸಾವಿನ ಕೋಟೆ’ (1912). ಕನಸಿನ ತರ್ಕ, ಬಿಡದ ಭಯ. ಎಕ್ಸ್‌ಪ್ರೆಷನಿಸ್ಟ್ ಅನ್ನೋದು ಇದಕ್ಕೂ ‘ಸಾವಿನ ಕುಣಿತ’ಕ್ಕೂ (1914) ಹೊಂದುತ್ತದೆ, ಹೂವಿನ ಪುಸ್ತಕಕ್ಕೆ ಅಂಟಿಸಿದರೆ ನಿಲ್ಲಲ್ಲ.

ಅಂದಹಾಗೆ ಕೋಟೆಯ ಮೂಲ ಹೆಸರಲ್ಲಿರುವ ‘ಸ್ಮೃತಿ’ ನೋಡಿ ನೆನಪು ಅಂದುಕೊಳ್ಳಬೇಡಿ. ಚೆಕ್ ‘ಸ್ಮೃತ್’ ಅಂದರೆ ಸಾವು, ನಮ್ಮ ಮೃತ್ಯುವಿನ ದಾಯಾದಿ. ಉಚ್ಚಾರ ನಮ್ಮ ಋಕಾರಕ್ಕೆ ಹತ್ತಿರ.

ಉತ್ತರ 2:
ಕಲಸುಮೇಲೋಗರ ಯಾಕೆ ಅಂದರೆ, ಅದೇ ಅವನ ಪದ್ಧತಿ. 1902ರಲ್ಲಿ ಪಾದ್ರಿ ದೀಕ್ಷೆ ಆಯಿತು, ಮೇಲಿನವರ ಜೊತೆ ಜಟಾಪಟಿ ನಿಲ್ಲಲಿಲ್ಲ, ಚಿಕ್ಕ ವಯಸ್ಸಿಗೇ ನಿವೃತ್ತಿಗೆ ತಳ್ಳಿದರು. ಆಮೇಲೆ ಮೊರಾವಿಯಾದ ಹುಟ್ಟೂರು ತಾಸೊವ್‌ನಲ್ಲಿ ಕೂತು ತನ್ನ ಪುಸ್ತಕಗಳನ್ನು ಬಹುಪಾಲು ತಾನೇ ಹೊರತಂದ. 1917ರಿಂದ 1941ರವರೆಗೆ ಬಂದ ‘ಹೆಜ್ಜೆಗುರುತು’ 26 ಸಂಪುಟ: ಕನಸು, ಕವಿತೆ, ಪತ್ರ, ಜಗಳ ಎಲ್ಲ ಒಂದೇ ಬುಟ್ಟಿಯಲ್ಲಿ. ಕತ್ತರಿ ಹಿಡಿಯುವ ಸಂಪಾದಕ ಇಲ್ಲ. ‘ಮರೆತ ಬೆಳಕು’ ಅದೇ ರೀತಿಯದು, ಬಂದ ವರ್ಷವೇ ಸೆನ್ಸಾರ್ ಮುಟ್ಟುಗೋಲು ಹಾಕಿತು.

ಅಲ್ಲಿನ ‘ನಾನು’ ಅನ್ನು ಹಾಗೇ ದೆಮ್ಲ್ ಎಂದು ಓದಿದರೆ ಎಡವುತ್ತೀರಿ. ಹೆಸರುಗಳು ನಿಜ, ಜೋಡಣೆ ಕಲ್ಪನೆಯದು. ಇನ್ನೊಂದು, ‘ಹೆಜ್ಜೆಗುರುತು’ವಿನಲ್ಲಿ ಯಹೂದಿ ದ್ವೇಷದ ಪುಟಗಳಿವೆ. ಆಯ್ದ ಸಂಕಲನ ಮಾತ್ರ ನೋಡಿದವರಿಗೆ ಹೂವಿನ ಕವಿ ಅಷ್ಟೇ ಸಿಗುತ್ತಾನೆ, ಅದು ಅರ್ಧ ಮನುಷ್ಯ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ನಂತರ ಇವನ ಬೆನ್ನಿಗೆ ನಿಂತವನು ಕಮ್ಯುನಿಸ್ಟ್ ಕವಿ ನೆಜ್ವಲ್. ವಿಚಿತ್ರ, ಆದರೆ ಕವಿತೆ ಓದಿದವರಿಗೆ ಅಷ್ಟೇನೂ ವಿಚಿತ್ರವಲ್ಲ.

ಉತ್ತರ 3:
ಅನುವಾದಕ್ಕೆ ಹೂವಿನ ತುಣುಕೇ ತೆಗೆದುಕೊಳ್ಳಿ. ಸಂಬೋಧನೆ ಚೆಕ್‌ನಲ್ಲೂ ಒಂದು ವಿಭಕ್ತಿಯೇ, ನಮ್ಮ ‘-ಏ’ ಸಾಕು. ‘ಎಲೈ’ ಹಾಕಿದಿರೋ, ಯಕ್ಷಗಾನವಾಗುತ್ತದೆ. ತೊಡಕು ಇರೋದು ಲಿಂಗದಲ್ಲಿ. ‘ಪೊಮ್ನ್ಯೆಂಕಾ’ (ಫರ್ಗೆಟ್-ಮಿ-ನಾಟ್) ಹೂವು ಅಲ್ಲಿ ಸ್ತ್ರೀಲಿಂಗ, ‘ಜ್ವೊನೆಕ್’ (ಗಂಟೆಯಾಕಾರದ ಹೂವು) ಪುಲ್ಲಿಂಗ. ‘ನೀನು ಇದ್ದೆ’ ಅನ್ನುವಾಗಲೂ ಭೂತಕಾಲದ ಕ್ರಿಯಾಪದ ಅದನ್ನು ತೋರಿಸುತ್ತದೆ. ಕನ್ನಡದ ‘ಇದ್ದೆ’ಯಲ್ಲಿ ಅದು ಸದ್ದಿಲ್ಲದೆ ಉದುರಿಹೋಗುತ್ತದೆ. ಕರೆಯುವ ಪದದಲ್ಲಿ ಒಂದು ಸಲ ‘ತಂಗೀ’, ‘ಅಣ್ಣಾ’ ಅಂತ ತನ್ನಿ. ಎರಡನೇ ಸಲ ಬೇಡ, ಲಾವಣಿ ಆಗುತ್ತದೆ.