ಹುಡುಗಿಗೆ ಬಣ್ಣದ ವೇಷ ಆಗದೇ?

ಪ್ರಶ್ನೆ: ಪುತ್ತೂರಿನವಳು

ನಾನು ಮೊದಲ ಪಿಯುಸಿ. ಐದನೇ ತರಗತಿಯಿಂದ ತೆಂಕುತಿಟ್ಟು ಶೈಲಿಯ ಯಕ್ಷಗಾನ ಕಲಿಯುತ್ತಿದ್ದೇನೆ. ಅಭಿಮನ್ಯು, ಬಭ್ರುವಾಹನ ಎಂದು ತರುಣ ವೀರರ ಪುಂಡುವೇಷ ಹಾಕಿ, ಹಾರಿ ತಿರುಗುವ ದಿಗಿಣ ಹೊಡೆಯುವಾಗ ನೆಂಟರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ದೊಡ್ಡವಳಾದ ಮೇಲೆ ಅದೇ ನೆಂಟರ ಮಾತು ಬದಲಾಯಿತು: "ಇನ್ನು ಸುಭದ್ರೆ, ದಮಯಂತಿ ಮಾಡಿದರೆ ಸಾಕು."

ನನಗೆ ಬೇಕಾಗಿರುವುದು ರಾಕ್ಷಸ ಪಾತ್ರಗಳಿಗೆ ಕಟ್ಟುವ ಬಣ್ಣದ ವೇಷ. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ ಕಡ್ಡಿಯಿಂದ ಮುಖದ ಮೇಲೆ ಮುಳ್ಳಿನಂಥ ಒಂದೊಂದೇ ಬಿಳಿ ಚಿಟ್ಟಿ ಇಡುವುದನ್ನು ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಎಷ್ಟು ಹೊತ್ತು ನೋಡಿದರೂ ಬೇಸರವಾಗುವುದಿಲ್ಲ. ಒಮ್ಮೆ ಗುರುಗಳು ನನ್ನ ಕೆನ್ನೆಗೂ ಇಟ್ಟರು. ಒಣಗುತ್ತಿದ್ದಂತೆ ಚರ್ಮ ಬಿಗಿದು, ನಕ್ಕರೆ ಉದುರೀತೆಂದು ಸುಮ್ಮನೆ ಕುಳಿತೆ. ಕನ್ನಡಿಯಲ್ಲಿದ್ದವಳು ನನಗೆ ಬಹಳ ಇಷ್ಟವಾದಳು. ಮನೆಯಲ್ಲಿ ಕಾಲು ಜೋಡಿಸಿ ಕುಳಿತುಕೋ, ಮೆಲ್ಲಗೆ ಮಾತಾಡು ಎನ್ನುತ್ತಾರೆ. ಬಣ್ಣದ ವೇಷಕ್ಕೆ ಕಾಲು ಅಗಲಿಸಿ ನಿಲ್ಲಬೇಕು, ಕೂಗಬೇಕು. ಹಾಗೆ ನಿಂತಾಗಲೇ ನನಗೆ ಸರಿಯಾಗಿ ಉಸಿರು ಬರುವುದು.

ಆದರೆ ಆರ್ಭಟೆ ಕೊಟ್ಟರೆ ಗಂಟಲು ಒಡೆಯುತ್ತದೆ. ಅಭ್ಯಾಸ ಹೇಗೆ ಮಾಡಲಿ? ಇನ್ನೊಂದು, ಗುರುಗಳಲ್ಲಿ ಕೇಳಲಾಗದ್ದು: ಆಟದ (ಪ್ರದರ್ಶನದ) ದಿನವೇ ಮುಟ್ಟಾದರೆ? ಚೌಕಿಯಲ್ಲಿ ಗಣಪತಿಗೆ ಪೂಜೆ ಇರುತ್ತದಲ್ಲ.

ಉತ್ತರ: ಹಳೆಯ ಪ್ರೇಕ್ಷಕ

ಮಗಳೇ, ಬೇಸರಿಸಬೇಡ. ದೇವಿ ಮಹಾತ್ಮೆಯ ಮಹಿಷಾಸುರ ದೊಂದಿ (ಪಂಜು) ಹಿಡಿಸಿಕೊಂಡು, ಅದರ ಬೆಂಕಿಗೆ ರಾಳದ ಪುಡಿ ಎರಚಿಸಿಕೊಂಡು, ಜನರ ನಡುವಿನಿಂದ ಅಬ್ಬರಿಸುತ್ತಾ ಬರುವಾಗ ಎದೆ ನಡುಗಬೇಕು. ಹೆಣ್ಣಿನ ಸ್ವರಕ್ಕೆ ಅದು ಒಪ್ಪುವುದಿಲ್ಲ. ಅಭಿಮನ್ಯುವನ್ನೇ ಚೆನ್ನಾಗಿ ಮಾಡು.

ಉತ್ತರ: ಕಾಸರಗೋಡಿನ ಅಕ್ಕ

ಹಿರಿಯರೇ, ಗಂಡಸರು ದ್ರೌಪದಿಯಾಗಿ ಅಳುವಾಗ ಸ್ವರದ ವಿಚಾರ ಯಾರೂ ಎತ್ತಲಿಲ್ಲ. ಶೂರ್ಪನಖಿ, ಪೂತನಿಯರ ವೇಷಕ್ಕೆ ಹೆಣ್ಣುಬಣ್ಣ ಎಂದೇ ಹೆಸರು. ಅದನ್ನು ಕಟ್ಟುತ್ತಾ ಬಂದವರೂ ಗಂಡಸರೇ! ನಮ್ಮ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಡಿತ್ತಾಯರು ವೃತ್ತಿಮೇಳದಲ್ಲಿ ಭಾಗವತಿಕೆ ಮಾಡಿದರು, ಅಂದರೆ ಪದ ಹಾಡಿ ಆಟ ನಡೆಸಿದರು. ಅವರ ಪದಕ್ಕೆ ರಾಕ್ಷಸ ವೇಷಗಳೂ ಕುಣಿದವು, ಶ್ರುತಿ ಒಪ್ಪಲಿಲ್ಲವೆಂದು ರಂಗ ಬಿಟ್ಟು ಹೋಗಲಿಲ್ಲ. ಅವರು 2024ರಲ್ಲಿ ತೀರಿಕೊಂಡರು.

ತಂಗಿ, ಗಂಡಸಿನ ಸ್ವರವನ್ನು ಅನುಕರಿಸಬೇಡ, ಗಂಟಲು ಒಡೆಯುವುದು ಅದಕ್ಕೇ. ನಿನ್ನ ಶ್ರುತಿಯಲ್ಲೇ, ಹೊಟ್ಟೆಯಿಂದ ಉಸಿರು ದಬ್ಬಿ ಕೂಗು. ನೋವು ಶುರುವಾದರೆ ಅಂದಿಗೆ ಸಾಕು. ಕಿರೀಟ ಇಡುವ ಮೊದಲು ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟಿಸಿಕೋ, ಇಲ್ಲದಿದ್ದರೆ ಮರುದಿನ ಕತ್ತು ತಿರುಗದು.

ಮುಟ್ಟಿನ ವಿಷಯ. ನಮ್ಮ ತಂಡದಲ್ಲಿ ಕೆಲವರು ದೇವರಿಟ್ಟಲ್ಲಿಗೆ ಹೋಗದೆ ಬೇರೆ ಕೋಣೆಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾರೆ, ಕೆಲವರು ಏನನ್ನೂ ಪಾಲಿಸುವುದಿಲ್ಲ, ನಾನು ಎರಡನೆಯ ಗುಂಪು. ಹರಕೆ ಆಟವಾದರೆ ಮಾತ್ರ ಆಡಿಸುವವರ ಮನಸ್ಸು ನೋಡಬೇಕಾಗುತ್ತದೆ. ಮುಖ್ಯ ಮಾತು ಬೇರೆಯೇ ಇದೆ: ಇಡೀ ವೇಷ ಕಟ್ಟಿದ ಮೇಲೆ ಬಿಚ್ಚುವಂತಿಲ್ಲ, ಶೌಚಾಲಯದ ಕೆಲಸವೆಲ್ಲ ಅದಕ್ಕೆ ಮುಂಚೆ ಮುಗಿಸು. ಸಂಘಟಕರನ್ನು ಮೊದಲು ಕೇಳಬೇಕಾದದ್ದೂ ಅದನ್ನೇ, ಬಾಗಿಲಿಗೆ ಚಿಲಕವಿರುವ ಶೌಚಾಲಯ ಎಲ್ಲಿದೆ ಎಂದು.

ಪುತ್ತೂರಿನವಳು

ಅಕ್ಕಾ, ಚಿಲಕದ ಮಾತು ನನಗೆ ಹೊಳೆದೇ ಇರಲಿಲ್ಲ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದು ಮೇಳದ ತಿರುಗಾಟ ನಿಂತ ಮೇಲೆ ಗುರುಗಳು ಶೂರ್ಪನಖಿ ಹೇಳಿಕೊಡುತ್ತಾರಂತೆ. ಮಹಿಷಾಸುರ ಆಮೇಲೆ. ಅಪ್ಪನಿಗೆ ಹೆಣ್ಣಿನ ಪಾತ್ರ ಎಂದಷ್ಟೇ ಹೇಳಿದ್ದೇನೆ. ಸುಳ್ಳಲ್ಲವಲ್ಲ?

ಹಳೆಯ ಪ್ರೇಕ್ಷಕ

ಸುಳ್ಳಲ್ಲ. ಆಟದ ದಿನ ತಿಳಿಸು. ಎದುರಿನ ಸಾಲಿನಲ್ಲೇ ಕುಳಿತು ತಪ್ಪು ಹುಡುಕುತ್ತೇನೆ.