ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಮನೆಯಲ್ಲೇ ಬದಲಿಸಿದ ಮೇಲೆ ‘ಡಿ’ ಹಿಡಿಯಲು ತಡ: ಗ್ಯಾರೇಜಿಗೆ ಕೊಡಬೇಕಾ?

ಪ್ರಶ್ನೆ

6 ಸ್ಪೀಡ್ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್. ಮಟ್ಟ ನೋಡುವ ಡಿಪ್‌ಸ್ಟಿಕ್ ಇಲ್ಲ, ಕೆಳಗೆ ಓವರ್‌ಫ್ಲೋ ಪ್ಲಗ್ ಇದೆ (ಬಿಚ್ಚಿದರೆ ಮಟ್ಟಕ್ಕಿಂತ ಹೆಚ್ಚಿರುವ ಆಯಿಲ್ ಹೊರಬರುತ್ತೆ). ಡ್ರೈನ್ ಪ್ಲಗ್‌ನಿಂದ 3.2 ಲೀಟರ್ ಇಳೀತು. ಆಮೇಲೆ ಪ್ಯಾನ್ ಬಿಚ್ಚಿ ಫಿಲ್ಟರ್, ಗ್ಯಾಸ್ಕೆಟ್ ಹೊಸದು ಹಾಕಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್‌ನ ಆಯಿಲನ್ನೇ 3.2 ಲೀಟರ್ ತುಂಬಿದ್ದಾಗಿದೆ. ಎಂಜಿನ್ ಆಫ್ ಇದ್ದಾಗಲೇ ಓವರ್‌ಫ್ಲೋದಿಂದ ಆಯಿಲ್ ಬಂತು, ಪ್ಲಗ್ ಮುಚ್ಚಿದೆ. ಈಗ ಬೆಳಿಗ್ಗೆ ‘ಡಿ’ಗೆ (ಮುಂದಕ್ಕೆ ಹೋಗುವ ಸ್ಥಾನ) ಹಾಕಿದರೆ ಎರಡು ಸೆಕೆಂಡ್ ಏನೂ ಇಲ್ಲ, ಆಮೇಲೆ ಧಡ್ ಅಂತ ಹಿಡಿಯುತ್ತೆ. ಸಣ್ಣಗೆ ಕುಂಯ್‌ಗುಟ್ಟುವ ಸದ್ದೂ ಇದೆ. ಗ್ಯಾರೇಜಿನವರು ಮಷಿನ್ ಹಾಕಿ ಆಯಿಲ್ ಪೂರ್ತಿ ಬದಲಿಸೋಣ ಅಂತಾರೆ. ಬೇಕಾ?

ಉತ್ತರ 1

ಬೇಡ. ಆಯಿಲ್ ಕಡಿಮೆ ಬಿದ್ದಿದೆ, ಅಷ್ಟೇ. ಸರಿಮಾಡುವವರೆಗೆ ಗಾಡಿ ಓಡಿಸಬೇಡಿ. ಪಂಪ್ ಗಾಳಿ ಎಳೆದಾಗ ಬರುವ ಸದ್ದು ಅದು. ಒತ್ತಡ ಸಾಲದೆ ಕ್ಲಚ್ ಪ್ಲೇಟ್‌ಗಳು ಜಾರಿದರೆ ಸುಡುತ್ತವೆ.

ಎರಡು ಕಡೆ ಲೆಕ್ಕ ತಪ್ಪಿದೆ. ಪ್ಲಗ್‌ನಿಂದ ಇಳಿದದ್ದನ್ನು ಅಳೆದಿದ್ದೀರಿ, ಪ್ಯಾನ್ ಬಿಚ್ಚುವಾಗ ಚೆಲ್ಲಿದ್ದು ಮತ್ತು ಹಳೆ ಫಿಲ್ಟರ್ ಒಳಗೆ ಉಳಿದದ್ದು ಲೆಕ್ಕಕ್ಕೆ ಬಂದಿಲ್ಲ. ಅದಕ್ಕಿಂತ ಮುಖ್ಯ, ಎಂಜಿನ್ ಆಫ್ ಇದ್ದಾಗ ಲೆವೆಲ್ ನೋಡಿದ್ದು. ಎಂಜಿನ್ ಓಡುವಾಗ ಪಂಪ್ ಆಯಿಲನ್ನು ಮೇಲೆತ್ತಿ ಕನ್ವರ್ಟರ್, ಕೂಲರ್, ವಾಲ್ವ್ ಬಾಡಿ (ಆಯಿಲ್ ಒತ್ತಡ ಹಂಚುವ ಭಾಗ) ತುಂಬಿಸುತ್ತೆ, ಪ್ಯಾನ್‌ನಲ್ಲಿ ಮಟ್ಟ ಇಳಿಯುತ್ತೆ. ಆಫ್ ಇದ್ದಾಗ ಅದರಲ್ಲಿ ಸ್ವಲ್ಪ ಪ್ಯಾನ್‌ಗೇ ವಾಪಸ್ ಬರುವುದರಿಂದ, ಕೊರತೆ ಇದ್ದರೂ ಓವರ್‌ಫ್ಲೋದಿಂದ ಹರಿಯುತ್ತೆ.

ಸರಿಯಾದ ಕ್ರಮ ಹೀಗೆ. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಗಾಡಿ ಸಮತಟ್ಟಾಗಿ ನಿಲ್ಲಿಸಿ. ಮುಂದೆ ಮಾತ್ರ ಎತ್ತಿದರೆ ಮಟ್ಟ ಸುಳ್ಳು ಹೇಳುತ್ತೆ. ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಮೊದಲು ಮೇಲಿನ ಫಿಲ್ ಪ್ಲಗ್ ಬಿಚ್ಚಿ (ಯಾವಾಗಲೂ ಇದೇ ಮೊದಲು, ಆಯಿಲ್ ಇಳಿಸಿದ ಮೇಲೆ ಇದು ಜಾಮ್ ಆಗಿದ್ದು ಗೊತ್ತಾದರೆ ಗಾಡಿ ಅಲ್ಲೇ ನಿಂತಿತು). ಅರ್ಧ ಲೀಟರ್ ಹಾಕಿ, ತಣ್ಣಗಿರುವಾಗಲೇ ಎಂಜಿನ್ ಚಾಲೂ ಮಾಡಿ. ಬ್ರೇಕ್ ಒತ್ತಿಹಿಡಿದು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಮೂರು ಸೆಕೆಂಡ್ ನಿಲ್ಲಿಸಿ ಮತ್ತೆ ‘ಪಿ’ಗೆ ಬನ್ನಿ.

ಒಬಿಡಿ ಸ್ಕ್ಯಾನರ್‌ನಲ್ಲಿ (ಗಾಡಿಯ ಕಂಪ್ಯೂಟರ್‌ಗೆ ಜೋಡಿಸಿ ಓದುವ ಉಪಕರಣ) ಆಯಿಲ್‌ನ ತಾಪ ನೋಡುತ್ತಿರಿ. ಮಟ್ಟ ನೋಡಬೇಕಾದ ತಾಪ ಇಂಥ ಬಹಳಷ್ಟು ಗೇರ್‌ಬಾಕ್ಸ್‌ಗಳಿಗೆ 35ರಿಂದ 45 ಡಿಗ್ರಿ. ನಿಮ್ಮದರದ್ದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಖಚಿತಪಡಿಸಿಕೊಳ್ಳಿ. ಆ ತಾಪಕ್ಕೆ ಬಂದಾಗ, ಎಂಜಿನ್ ಓಡುತ್ತಿರುವಾಗಲೇ ಓವರ್‌ಫ್ಲೋ ಪ್ಲಗ್ ತೆಗೆಯಿರಿ. ಏನೂ ಬರದಿದ್ದರೆ 200 ಮಿಲಿಯಂತೆ ಸೇರಿಸುತ್ತಾ ಹೋಗಿ. ಧಾರೆ ಬಂದು, ತೆಳುವಾಗಿ, ಹನಿಗೆ ಇಳಿದಾಗ ಹೊಸ ವಾಷರ್ ಹಾಕಿ ಮುಚ್ಚಿ. ತಾಪ ಮಿತಿ ದಾಟಿದರೆ ತಣ್ಣಗಾಗಲು ಬಿಟ್ಟು ಮತ್ತೆ ನೋಡಿ: ಬಿಸಿ ಆಯಿಲ್ ಹಿಗ್ಗಿ ಬೇಗ ಹರಿಯುತ್ತೆ, ಕೊನೆಗೆ ಮತ್ತೆ ಕಡಿಮೆಯೇ ಉಳಿಯುತ್ತೆ. ಹಾಗಂತ ‘ಇರಲಿ ಅಂತ’ ಜಾಸ್ತಿ ಹಾಕಬೇಡಿ. ತಿರುಗುವ ಗೇರುಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಲ್ಲಿ ಒತ್ತಡ ನಿಲ್ಲಲ್ಲ, ರೋಗಲಕ್ಷಣ ಮತ್ತೆ ಇದೇ.

ಉತ್ತರ 2

ಮೇಲಿನದ್ದು ಸರಿ. ಮಷಿನ್ ಬಗ್ಗೆ ಒಂದೆರಡು ಮಾತು. ಡ್ರೈನ್ ಮಾಡಿದಾಗ ಪ್ಯಾನ್‌ನದ್ದು ಮಾತ್ರ ಇಳಿಯುತ್ತೆ, ಕನ್ವರ್ಟರ್‌ನದ್ದು ಒಳಗೇ ಇರುತ್ತೆ. ಒಟ್ಟು 7 ಲೀಟರ್‌ನಲ್ಲಿ 3 ಬದಲಾದರೆ ಹೊಸದು ಶೇ. 43. ಸ್ವಲ್ಪ ಓಡಿಸಿ ಇನ್ನೊಮ್ಮೆ ಮಾಡಿದರೆ 67, ಮೂರನೇ ಸಲಕ್ಕೆ 81. ಮನೆಯಲ್ಲಿ ಇಷ್ಟು ಸಾಕು. ಮಷಿನ್ ಕೂಲರ್ ಪೈಪ್ ಮೂಲಕ ಒಂದೇ ಸಲ ಬಹುಪಾಲು ಬದಲಿಸುತ್ತೆ, ಆದರೆ ಒಟ್ಟು ಪ್ರಮಾಣಕ್ಕಿಂತ ಒಂದೆರಡು ಲೀಟರ್ ಹೆಚ್ಚು ಆಯಿಲ್ ಬೇಕು. ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಪ್ಯಾನ್ ಇಳಿಸಿ ಫಿಲ್ಟರ್ ಬದಲಿಸುತ್ತಾರಾ? ಕ್ಲೀನರ್ ದ್ರಾವಣ ಹಾಕುತ್ತಾರಾ? ಎರಡನೆಯದಕ್ಕೆ ಹೌದು ಅಂದರೆ ವಾಪಸ್ ಬನ್ನಿ.

ಪ್ಯಾನ್‌ನ ಮ್ಯಾಗ್ನೆಟ್ ಮೇಲೆ ಏನಿತ್ತು? ಬೂದು ಬಣ್ಣದ ನುಣ್ಣನೆ ಕೆಸರು ಮಾಮೂಲಿ ಸವೆತ. ಕೈಗೆ ಚುಚ್ಚುವ ಚೂರು ಇದ್ದರೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ, ಬಿಚ್ಚಿ ನೋಡಬೇಕು.

ಸಿವಿಟಿ (ಬೆಲ್ಟ್ ಮೇಲೆ ನಡೆಯುವ ಆಟೋಮ್ಯಾಟಿಕ್) ಇರುವವರು ಇದನ್ನೋದಿ ಎಟಿಎಫ್ (ಮಾಮೂಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸುರಿಯಬೇಡಿ. ಅಲ್ಲಿ ಬೆಲ್ಟ್ ಮತ್ತು ಪುಲ್ಲಿ ನಡುವಿನ ಹಿಡಿತಕ್ಕೆಂದೇ ಬೇರೆ ಆಯಿಲ್ ಬರುತ್ತೆ.

ಪ್ರಶ್ನೆ ಕೇಳಿದವರು

38 ಡಿಗ್ರಿಯಲ್ಲಿ ಪ್ಲಗ್ ತೆಗೆದರೆ ಒಂದು ಹನಿಯೂ ಇಲ್ಲ. ಮೊದಲು ಹಾಕಿದ ಅರ್ಧ ಲೀಟರ್ ಬಿಟ್ಟು ಇನ್ನೂ 400 ಮಿಲಿ ಹಿಡೀತು. ಸದ್ದು ನಿಂತಿದೆ, ‘ಡಿ’ ತಕ್ಷಣ ಬೀಳುತ್ತೆ. ಮ್ಯಾಗ್ನೆಟ್ ಮೇಲೆ ಬರೀ ಕೆಸರು. ಎರಡರಿಂದ ಮೂರಕ್ಕೆ ಹೋಗುವಾಗ ಸಣ್ಣ ಜರ್ಕ್ ಉಳಿದಿದೆ.

ಉತ್ತರ 1

ಒಂದಷ್ಟು ದಿನ ಮೆದುವಾಗಿ ಓಡಿಸಿ, ಕಂಪ್ಯೂಟರ್ ಹೊಸ ಆಯಿಲ್‌ಗೆ ಹೊಂದಿಕೊಳ್ಳಲಿ. ಆಮೇಲೂ ಇದ್ದರೆ ಗ್ಯಾರೇಜಿನಲ್ಲಿ ಅಡಾಪ್ಟೇಶನ್ ರಿಸೆಟ್ (ಕಂಪ್ಯೂಟರ್ ಕಲಿತ ಹಳೆ ಲೆಕ್ಕ ಅಳಿಸುವುದು) ಮಾತ್ರ ಮಾಡಿಸಿ; ಅದಕ್ಕೆ ಕೊಡುವ ದುಡ್ಡು ದಂಡ ಅಲ್ಲ. ಪ್ಯಾನ್ ಅಂಚಿನಲ್ಲಿ ಒದ್ದೆ ಕಂಡರೆ ಬೋಲ್ಟ್‌ಗಳನ್ನು ಅಳತೆ ಮೀರಿ ಬಿಗಿಯಬೇಡಿ, ಗ್ಯಾಸ್ಕೆಟ್ ಹಿಸುಕಿ ಸೋರಿಕೆ ಹೆಚ್ಚುತ್ತೆ. ಸಣ್ಣ 6 ಎಂಎಂ ಬೋಲ್ಟ್‌ಗಳಾದರೆ 10 ನ್ಯೂಟನ್ ಮೀಟರ್ ಆಸುಪಾಸು, ಎದುರುಬದುರಾಗಿ ಬಿಗಿಯುತ್ತಾ ಬನ್ನಿ.